ಗುಡ್ಡದೊಳಗಿನ ನೀರಿಗೆ ಸುರಂಗ

ದಕ್ಷಿಣ ಕನ್ನಡ ಮತ್ತು ಕಾಸರಗೋಡು ಜಿಲ್ಲೆಗಳ ರೈತ ಬಾಂಧವರಿಗೆ ಸುರಂಗ ಹೊಸತಲ್ಲ. ಗುಡ್ಡವನ್ನು ಅಡ್ಡಲಾಗಿ ಕೊರೆದು ನೀರನ್ನು ತೋಟಕ್ಕೆ ಹರಿಸುವ ಈ ವಿಧಾನಕ್ಕೆ ಪಂಪಾಗಲಿ, ವಿದ್ಯುತ್ತಾಗಲಿ ಬೇಕಿಲ್ಲ. ಆದರೂ ಅನೇಕ ಮನೆಗಳ ಹಿಂದಿನ ಸುರಂಗಗಳು ಇಂದು ಮಣ್ಣು ತುಂಬಿ ಮುಚ್ಚುತ್ತಿವೆ.

ಇಲ್ಲಿ ಮಳೆ ಹೇರಳವಾಗಿ ಬಿದ್ದರೂ ಅದರ ಬಹುಪಾಲು ಜೂನ್‌ನಿಂದ ಸೆಪ್ಟೆಂಬರಿನೊಳಗೆ ಮುಗಿಯುತ್ತದೆ. ಗುಡ್ಡದ ಮೇಲ್ಪದರದ ಮುರಕಲ್ಲು ರಂಧ್ರಮಯ. ಅದರಲ್ಲಿ ಇಂಗಿದ ನೀರು ಕೆಳಗಿನ ಶೇಡಿಮಣ್ಣಿನಲ್ಲಿ ಸುಲಭವಾಗಿ ಇಳಿಯದೆ, ಎರಡೂ ಪದರಗಳು ಕೂಡುವಲ್ಲಿ ನಿಧಾನವಾಗಿ ಜಿನುಗುತ್ತದೆ. ಸುರಂಗ ಈ ಕೂಡುವ ಜಾಗವನ್ನು ತಲುಪಬೇಕು, ಬಾಯಿಯ ಕಡೆಗೆ ತುಸು ಇಳಿಜಾರಿರಬೇಕು.

ಬಂಟ್ವಾಳ ತಾಲ್ಲೂಕಿನ ಮಣಿಲ ಗ್ರಾಮದಲ್ಲಿ ಒಂದು ಹಳೆಯ ಸುರಂಗವನ್ನು, ಸುರಂಗ ತೋಡುವ ಹಿರಿಯರೊಬ್ಬರ ಜೊತೆಯಲ್ಲಿ ಹೊಕ್ಕು ನೋಡಿದೆ. ನೀರು ಕಡಿಮೆಯಾಯಿತೆಂದು ಮನೆಯ ಯಜಮಾನರು ಕೊಳವೆಬಾವಿಗೆ ಮುಂಗಡ ಕೊಡಲು ಹೊರಟಿದ್ದರು. ಒಳಗೆ ಅಗಲ ಎರಡಡಿ, ಎತ್ತರ ಐದಡಿಗಿಂತ ಕಡಿಮೆ; ಕುತ್ತಿಗೆ ಬಗ್ಗಿಸಿಯೇ ನಡೆಯಬೇಕು. ಕಾಲ ಕೆಳಗೆ ತಣ್ಣನೆಯ ನೀರು, ತಲೆಯ ಮೇಲೆ ತೊಟ್ಟಿಕ್ಕುವ ಹನಿ. ಗೋಡೆಯಲ್ಲಿ ಪಿಕ್ಕಾಸಿನ ಗುರುತುಗಳು ಇನ್ನೂ ಹಸಿಯಾಗಿರುವಂತೆ ಕಾಣುತ್ತವೆ.

ಹಿರಿಯರು ಮೇಣದಬತ್ತಿ ಹಿಡಿದು ಮುಂದೆ ನಡೆದರು. “ದೀಪ ಸಣ್ಣದಾದರೆ ಅಲ್ಲಿಂದಲೇ ಹಿಂದೆ ತಿರುಗಿ ಸಾರ್, ನನಗೆ ಕಾಯಬೇಡಿ” ಎಂದರು. ಉಸಿರಾಟಕ್ಕೆ ಸಾಲದ ಗಾಳಿಯನ್ನು ದೀಪ ಮೊದಲೇ ತಿಳಿಸುತ್ತದೆ. ಆದರೆ ಕುಸಿಯಲಿರುವ ಮಣ್ಣನ್ನು ಅದು ತಿಳಿಸದು. ಒಂದು ತಿರುವಿನ ಆಚೆ ಅವರು ಕೈ ಅಡ್ಡ ಹಿಡಿದರು. ಮೇಲಿನಿಂದ ಬಿಳಿ ಶೇಡಿಮಣ್ಣು ಕಳಚಿ ಬಿದ್ದು ಒಡ್ಡಿನಂತೆ ನಿಂತಿತ್ತು, ಅದರ ಹಿಂದೆ ನೀರು ತುಂಬಿತ್ತು. ನೀರು ಬತ್ತಿರಲಿಲ್ಲ, ದಾರಿ ಕಟ್ಟಿತ್ತು! ಆ ಒಡ್ಡನ್ನು ಅಂದು ಮುಟ್ಟಲು ಅವರು ಒಪ್ಪಲಿಲ್ಲ. ಮೊದಲು ಮೇಲ್ಭಾಗಕ್ಕೆ ಆಧಾರ ಕೊಟ್ಟು, ನಿಂತ ನೀರನ್ನು ಸ್ವಲ್ಪಸ್ವಲ್ಪವಾಗಿ ಬಿಟ್ಟು, ಆಮೇಲೆ ಬುಟ್ಟಿಯಲ್ಲಿ ಮಣ್ಣು ಹೊರಬೇಕಂತೆ. ಇದು ಅನುಭವಿಗಳ ಕೆಲಸ. ರೈತರು ತಾವಾಗಿ, ಅದೂ ಒಬ್ಬರೇ, ಹಳೆಯ ಸುರಂಗಕ್ಕೆ ಇಳಿಯಕೂಡದು. ಮಳೆಗಾಲದಲ್ಲಂತೂ ಖಂಡಿತ ಬೇಡ.

ಹೊಸದಾಗಿ ತೋಡುವವರಿಗೆ ನೀರು ಸಿಕ್ಕೇ ಸಿಗುತ್ತದೆಂಬ ಭರವಸೆಯಿಲ್ಲ. ಇದೇ ತಾಲ್ಲೂಕಿನ ಕೇಪು ಗ್ರಾಮದ ಅಮೈ ಮಹಾಲಿಂಗ ನಾಯ್ಕರು ಬೋಳುಗುಡ್ಡದಲ್ಲಿ ಒಬ್ಬರೇ ತೋಡಿದ ಹಲವು ಸುರಂಗಗಳು ಒಣಗಿಯೇ ಉಳಿದವು. ಬಿಡದೆ ತೋಡಿ ಕಡೆಗೆ ನೀರು ಕಂಡು ಅಡಿಕೆ ತೋಟ ಎಬ್ಬಿಸಿದರು. 2022ರಲ್ಲಿ ಅವರಿಗೆ ಪದ್ಮಶ್ರೀ ಬಂದಿತು.

ಸುರಂಗದ ಎಳೆ ನೀರು ಕಣ್ಣಿಗೆ ಅಲ್ಪವೆನಿಸುತ್ತದೆ. ಕಣ್ಣನ್ನು ನಂಬದೆ ಅಳೆಯಿರಿ. ಏಪ್ರಿಲ್ ಕೊನೆಯಲ್ಲಿ ಬಾಯಿಯ ಬಳಿ 15 ಲೀಟರಿನ ಬಕೆಟ್ ತುಂಬಲು 3 ನಿಮಿಷ ಹಿಡಿದರೆ ಗಂಟೆಗೆ 300 ಲೀಟರು, ದಿನಕ್ಕೆ 7,200 ಲೀಟರು. ಹನಿ ನೀರಾವರಿಯಲ್ಲಿ ಅಡಿಕೆ ಮರವೊಂದಕ್ಕೆ ದಿನಕ್ಕೆ 20 ಲೀಟರಿನಂತೆ ಇದು 360 ಮರಗಳಿಗೆ ಸಾಕು. ಆದರೆ ರಾತ್ರಿ ಹರಿಯುವ ನೀರೂ ಈ ಲೆಕ್ಕದಲ್ಲಿ ಸೇರಿದೆ. ಆದ್ದರಿಂದ ಅದನ್ನು ಹಿಡಿದಿಡಲು ತೋಟದ ಮೇಲ್ಭಾಗದಲ್ಲಿ ಕನಿಷ್ಠ 4,000 ಲೀಟರಿನ ತೊಟ್ಟಿ ಕಟ್ಟಿಕೊಳ್ಳಬೇಕು.