ಲ್ಯಾಪ್‌ಟಾಪ್ ಒಳಗೊಂದು ಲ್ಯಾಪ್‌ಟಾಪ್: ವರ್ಚುವಲ್‌ಬಾಕ್ಸ್ ಬಗ್ಗೆ ಒಂದಿಷ್ಟು

ಓಎಸ್ ಲ್ಯಾಬ್ ಶುರುವಾದ ವಾರ ಪ್ರತಿ ಬ್ಯಾಚಿನ ವಾಟ್ಸಾಪ್ ಗ್ರೂಪಿನಲ್ಲೂ ಒಂದೇ ಪ್ರಶ್ನೆ ಬರುತ್ತದೆ: "ಲಿನಕ್ಸ್ ಹೆಂಗೆ ಹಾಕೋದು?" ಹತ್ತು ನಿಮಿಷದೊಳಗೆ ಯಾರಾದರೂ ಸೀನಿಯರ್ ಉತ್ತರಿಸುತ್ತಾರೆ: "ಡ್ಯುಯಲ್ ಬೂಟ್ ಮಾಡ್ಕೋ, ಯೂಟ್ಯೂಬಲ್ಲಿದೆ." ಉತ್ತರ ತಪ್ಪೇನಲ್ಲ. ಆದ್ರೆ ಕೇಳಿದವನ ಹತ್ತಿರ ಇರೋದು ಒಂದೇ ಲ್ಯಾಪ್‌ಟಾಪ್, ಬಹಳ ಸಲ ಇಡೀ ಮನೆಗೆ ಅದೊಂದೇ. ಅಪ್ಪನ ಬ್ಯಾಂಕ್ ಕಾಗದಗಳ ಸ್ಕ್ಯಾನ್, ಅಕ್ಕನ ಮದುವೆ ಫೋಟೋ, ತಮ್ಮನ ಗೇಮು ಎಲ್ಲಾ ಅದರಲ್ಲೇ. ಡ್ಯುಯಲ್ ಬೂಟ್ ಅಂದ್ರೆ ಡಿಸ್ಕನ್ನು ಅಣ್ಣತಮ್ಮಂದಿರ ಜಮೀನಿನ ಹಾಗೆ ಪಾಲು ಮಾಡುವುದು. ಗೆರೆ ಎಳೆಯುವಾಗ ಕೈ ತಪ್ಪಿದರೆ ಒಬ್ಬರ ಪಾಲು ಪೂರ್ತಿ ಹೋಗುತ್ತದೆ. ನಮ್ಮ ಹಾಸ್ಟೆಲ್ ಫ್ಲೋರಿನಲ್ಲೇ ಒಬ್ಬ ಇನ್‌ಸ್ಟಾಲ್ ಮಾಡುವಾಗ 'ಇಡೀ ಡಿಸ್ಕ್ ಅಳಿಸು' ಅನ್ನೋ ಆಯ್ಕೆ ಒತ್ತಿ, ಮನೆಯವರ ಐದು ವರ್ಷದ ಫೋಟೋ ಕಳ್ಕೊಂಡ. ಮೇಲಾಗಿ ಈಗಿನ ಎಷ್ಟೋ ವಿಂಡೋಸ್ 11 ಲ್ಯಾಪ್‌ಟಾಪ್‌ಗಳಲ್ಲಿ ಡಿಸ್ಕ್ ಎನ್‌ಕ್ರಿಪ್ಷನ್ ಮೊದಲಿನಿಂದಲೇ ಆನ್ ಆಗಿರುತ್ತದೆ. ಬೂಟ್ ಸೆಟ್ಟಿಂಗ್ ಮುಟ್ಟಿದ ಕೂಡಲೇ ನೀಲಿ ಪರದೆ ಬಂದು 48 ಅಂಕಿಯ ಬಿಟ್‌ಲಾಕರ್ ಕೀ ಕೇಳಬಹುದು. ಮೈಕ್ರೋಸಾಫ್ಟ್ ಅಕೌಂಟ್ ಪಾಸ್‌ವರ್ಡ್ ಅಂಗಡಿಯವನು ಹಾಕಿಕೊಟ್ಟಿದ್ದಾದರೆ ಆ ಕೀ ಎಲ್ಲಿಂದ ತರೋದು?

ಹಾಗಾಗಿ, ಪಾಲು ಮಾಡದೆ, ಇದ್ದ ಮನೆಯಲ್ಲೇ ಒಬ್ಬ ನೆಂಟನನ್ನು ಇರಿಸಿಕೊಳ್ಳುವ ದಾರಿಯ ಬಗ್ಗೆ ಬರೀತಿದ್ದೀನಿ. ವರ್ಚುವಲ್ ಮಷೀನ್ ಭಾಷೆಯಲ್ಲೂ ಇವೇ ಪದಗಳಿವೆ: ನಿಮ್ಮ ನಿಜವಾದ ವಿಂಡೋಸ್ 'ಹೋಸ್ಟ್', ಅದರೊಳಗೆ ಕಿಟಕಿಯೊಂದರಲ್ಲಿ ಓಡುವ ಉಬುಂಟು 'ಗೆಸ್ಟ್'. ನೆಂಟ ತನಗೇ ಸ್ವಂತ ಮನೆ ಇದೆ ಅಂದುಕೊಂಡಿರುತ್ತಾನೆ. ಅವನಿಗೆ ಕಾಣುವ 25 ಜಿಬಿ ಹಾರ್ಡ್ ಡಿಸ್ಕ್ ನಿಮ್ಮ ಪಾಲಿಗೆ ಡಿ ಡ್ರೈವಿನಲ್ಲಿರುವ ಒಂದು ಫೈಲು, ಅಷ್ಟೇ. ಅವನು ಅದನ್ನು ಫಾರ್ಮ್ಯಾಟ್ ಮಾಡಲಿ, ಪಾರ್ಟಿಷನ್ ಮಾಡಲಿ, ಅಕ್ಕನ ಮದುವೆ ಫೋಟೋಗೆ ಏನೂ ಆಗುವುದಿಲ್ಲ.

ಇದಕ್ಕೆ ಪುಕ್ಕಟೆ ಸಿಗುವ ಸಾಫ್ಟ್‌ವೇರುಗಳಲ್ಲಿ ಹೆಚ್ಚು ಜನ ಬಳಸುವುದು ವರ್ಚುವಲ್‌ಬಾಕ್ಸ್. ಜರ್ಮನಿಯ ಇನ್ನೋಟೆಕ್ ಅನ್ನೋ ಕಂಪನಿ 2007ರಲ್ಲಿ ಇದನ್ನು ಮುಕ್ತವಾಗಿ ಬಿಟ್ಟಿತು. 2008ರಲ್ಲಿ ಸನ್ ಮೈಕ್ರೋಸಿಸ್ಟಮ್ಸ್ ಇನ್ನೋಟೆಕ್ಕನ್ನು ಕೊಂಡಿತು, 2010ರಲ್ಲಿ ಒರಾಕಲ್ ಸನ್ನನ್ನೇ ಕೊಂಡಿತು. ಒಡೆಯರು ಬದಲಾದರೂ ಮೂಲ ಪ್ಯಾಕೇಜಿನ ಸೋರ್ಸ್ ಕೋಡ್ ಇವತ್ತಿಗೂ ಜಿಪಿಎಲ್ ಲೈಸೆನ್ಸಿನಲ್ಲಿ ತೆರೆದೇ ಇದೆ. ಇನ್ನೊಂದು, ವಿಎಂವೇರ್ ವರ್ಕ್‌ಸ್ಟೇಷನ್ ಪ್ರೋ. ಮುಂಚೆ ದುಡ್ಡು ಕೊಡಬೇಕಿತ್ತು, 2024ರಿಂದ ಅದೂ ಪುಕ್ಕಟೆ. ಗ್ರಾಫಿಕ್ಸ್ ವಿಷಯದಲ್ಲಿ ಅದು ಒಂದು ಕೈ ಮೇಲು ಅಂತ ನನಗನಿಸುತ್ತೆ, ಆದರೆ ಡೌನ್‌ಲೋಡ್ ಮಾಡೋಕೆ ಅಕೌಂಟು, ಫಾರ್ಮು ಅಂತ ಅಲೆಸುತ್ತದೆ.

ಈಗ ಸ್ವಲ್ಪ ಒಳಗೆ ಇಣುಕೋಣ, ಯಾಕಂದ್ರೆ ಮಜಾ ಇರೋದೇ ಇಲ್ಲಿ. ಓಎಸ್ ಕ್ಲಾಸಿನಲ್ಲಿ ಯೂಸರ್ ಮೋಡ್, ಕರ್ನಲ್ ಮೋಡ್ ಅಂತ ಹೇಳಿಕೊಟ್ಟಿರುತ್ತಾರೆ. ಕರ್ನಲ್‌ಗೆ ಸಿಪಿಯು ಮೇಲೆ ಪೂರ್ತಿ ಅಧಿಕಾರ, ನಮ್ಮ ಪ್ರೋಗ್ರಾಮುಗಳಿಗೆ ಅರ್ಧಂಬರ್ಧ. ಹಾಗಾದ್ರೆ ಒಂದೇ ಸಿಪಿಯು ಮೇಲೆ ಎರಡು ಕರ್ನಲ್ ಕೂತರೆ ಯಜಮಾನ ಯಾರು? ಐಬಿಎಂನವರು 1960ರ ದಶಕದಲ್ಲೇ ತಮ್ಮ ದೊಡ್ಡ ಯಂತ್ರಗಳಲ್ಲಿ ಇದಕ್ಕೆ ಪರಿಹಾರ ಮಾಡಿದ್ದರು: ಗೆಸ್ಟ್ ಕರ್ನಲನ್ನು ಕಡಿಮೆ ಅಧಿಕಾರದಲ್ಲಿ ಓಡಿಸು, ಅದು ಅಧಿಕಾರ ಮೀರಿ ಏನಾದರೂ ಮಾಡಹೋದಾಗ ಸಿಪಿಯು 'ಟ್ರ್ಯಾಪ್' ಎಬ್ಬಿಸುತ್ತದೆ, ಆಗ ಮೇಲೆ ಕೂತ ಹೈಪರ್‌ವೈಸರ್ ಬಂದು ಆ ಕೆಲಸವನ್ನು ತಾನೇ ಮಾಡಿದಂತೆ ನಟಿಸಿ ವಾಪಸ್ ಕಳಿಸು. 1974ರಲ್ಲಿ ಪೊಪೆಕ್ ಮತ್ತು ಗೋಲ್ಡ್‌ಬರ್ಗ್ ಇದನ್ನು ಪ್ರಮೇಯದ ರೂಪದಲ್ಲೇ ಬರೆದರು: ಯಂತ್ರದ ಸ್ಥಿತಿಯನ್ನು ಮುಟ್ಟುವ ಅಥವಾ ಬಯಲು ಮಾಡುವ ಪ್ರತಿಯೊಂದು ಇನ್‌ಸ್ಟ್ರಕ್ಷನ್ನೂ ಟ್ರ್ಯಾಪ್ ಆಗುವಂತಿದ್ದರೆ ಈ ಉಪಾಯ ನಡೆಯುತ್ತದೆ.

ನಮ್ಮ ಲ್ಯಾಪ್‌ಟಾಪುಗಳ ಎಕ್ಸ್86 ಸಿಪಿಯು ಆ ಪರೀಕ್ಷೆಯಲ್ಲಿ ಫೇಲು. ಪೆಂಟಿಯಮ್ಮಿನಲ್ಲಿ ಇಂಥ 17 ಇನ್‌ಸ್ಟ್ರಕ್ಷನ್‌ಗಳು ಟ್ರ್ಯಾಪ್ ಆಗದೆ ಜಾರಿಕೊಳ್ಳುತ್ತವೆ ಅಂತ 2000ದಲ್ಲಿ ಒಂದು ಪೇಪರ್ ಪಟ್ಟಿ ಮಾಡಿತು. ಉದಾಹರಣೆಗೆ 'ಪಾಪ್‌ಎಫ್'. ಕರ್ನಲ್ ಇದನ್ನು ಬಳಸಿ ಇಂಟರಪ್ಟುಗಳನ್ನು ಆನ್ ಆಫ್ ಮಾಡಬಹುದು. ಇದನ್ನೇ ಯೂಸರ್ ಮೋಡಿನಲ್ಲಿ ಓಡಿಸಿದರೆ ಸಿಪಿಯು ಎರರ್ ಕೊಡುವುದಿಲ್ಲ, ಇಂಟರಪ್ಟ್ ಫ್ಲ್ಯಾಗನ್ನು ಬದಲಾಯಿಸುವುದೂ ಇಲ್ಲ, ಸುಮ್ಮನೆ ಮುಂದಕ್ಕೆ ಹೋಗುತ್ತದೆ. ಆಫೀಸಿನಲ್ಲಿ ಅರ್ಜಿ ತಗೊಂಡು, ತಿರಸ್ಕರಿಸದೆ, ಕೆಲಸವನ್ನೂ ಮಾಡದೆ ಟೇಬಲ್ ಕೆಳಗೆ ಇಟ್ಟುಕೊಳ್ಳುವ ಗುಮಾಸ್ತರ ಹಾಗೆ. ತಿರಸ್ಕರಿಸಿದ್ದರೆ ಮೇಲಿನವರ ಹತ್ತಿರ ಹೋಗಬಹುದಿತ್ತು! ಇದರಿಂದಾಗಿ ಪಿಸಿಯಲ್ಲಿ ವರ್ಚುವಲ್ ಮಷೀನ್ ಸರಿಯಾಗಿ ಆಗೋದಿಲ್ಲ ಅನ್ನೋ ಮಾತಿತ್ತು. 1999ರಲ್ಲಿ ವಿಎಂವೇರ್ ಗೆಸ್ಟ್ ಕರ್ನಲ್ಲಿನ ಕೋಡನ್ನು ಓಡುವ ಮೊದಲೇ ಓದಿ, ಇಂಥ ಕಳ್ಳ ಇನ್‌ಸ್ಟ್ರಕ್ಷನ್‌ಗಳ ಜಾಗದಲ್ಲಿ ಬೇರೆ ಕೋಡ್ ತುಂಬಿ ಓಡಿಸುವ ಬೈನರಿ ಟ್ರಾನ್ಸ್‌ಲೇಷನ್ ತಂತ್ರದಿಂದ ಆ ಮಾತನ್ನು ಸುಳ್ಳು ಮಾಡಿತು. ಆಮೇಲೆ 2005ರಲ್ಲಿ ಇಂಟೆಲ್ ವಿಟಿ-ಎಕ್ಸ್, 2006ರಲ್ಲಿ ಎಎಂಡಿ-ವಿ ಬಂದವು. ಇವು ಗೆಸ್ಟ್‌ಗೆ ಅಂತಲೇ ಸಿಪಿಯುನಲ್ಲಿ ಬೇರೆ ಮೋಡ್ ಕೊಟ್ಟವು. ಗೆಸ್ಟ್ ಕರ್ನಲ್ ಅಲ್ಲಿ ರಾಜನ ಹಾಗೇ ಇರಬಹುದು, ಸೂಕ್ಷ್ಮವಾದ ಕೆಲಸಕ್ಕೆ ಕೈ ಹಾಕಿದಾಗ ಮಾತ್ರ ಸಿಪಿಯು ಹೊರಗೆ ಜಿಗಿದು ಹೈಪರ್‌ವೈಸರನ್ನು ಕರೆಯುತ್ತದೆ.

ಇದರಿಂದ ಒಂದು ವಿಷಯ ಗೊತ್ತಾಗುತ್ತದೆ. ನಿಮ್ಮ ಸಿ ಪ್ರೋಗ್ರಾಮಿನ ಫಾರ್ ಲೂಪ್, ಕೂಡುವುದು ಗುಣಿಸುವುದು ಎಲ್ಲಾ ನೇರವಾಗಿ ನಿಜವಾದ ಸಿಪಿಯು ಮೇಲೇ ಓಡುತ್ತವೆ, ಅನುವಾದ ಗಿನುವಾದ ಏನಿಲ್ಲ. ನಿಧಾನ ಆಗುವುದು ಡಿಸ್ಕು, ಪರದೆ, ನೆಟ್‌ವರ್ಕ್ ಮುಟ್ಟುವಾಗ. ಆದ್ದರಿಂದ ವರ್ಚುವಲ್ ಮಷೀನಿನಲ್ಲಿ ಜಿಸಿಸಿ ಕಂಪೈಲ್ ಚೆನ್ನಾಗೇ ಆಗುತ್ತೆ, ಗೇಮ್ ಆಡೋಕೆ ಹೋದ್ರೆ ಸ್ಲೈಡ್ ಶೋ ನೋಡಿದಂಗಿರುತ್ತೆ. ಆಪಲ್‌ನ ಎಂ ಸರಣಿಯ ಮ್ಯಾಕ್ ಇರುವವರಿಗೆ ಕಥೆ ಬೇರೆ: ಸಿಪಿಯುನೇ ಆರ್ಮ್ ಆದ್ದರಿಂದ ಆರ್ಮ್‌ಗೆ ಮಾಡಿದ ಉಬುಂಟುವನ್ನೇ ಹಾಕಬೇಕು. ಯುಟಿಎಂ ಅನ್ನೋ ಪುಕ್ಕಟೆ ಸಾಫ್ಟ್‌ವೇರ್ ಅಲ್ಲಿ ಸುಲಭ.

ವಿಂಡೋಸಿನಲ್ಲಿ ಮೊದಲು ಟಾಸ್ಕ್ ಮ್ಯಾನೇಜರ್ ತೆಗೆದು ಪರ್ಫಾರ್ಮೆನ್ಸ್ ಟ್ಯಾಬಿನಲ್ಲಿ ಸಿಪಿಯು ಒತ್ತಿ. ಕೆಳಗೆ 'ವರ್ಚುವಲೈಸೇಷನ್: ಎನೇಬಲ್ಡ್' ಅಂತ ಇದ್ದರೆ ಬಯಾಸ್ ಕಡೆ ಹೋಗೋದೇ ಬೇಡ. ಇಲ್ಲದಿದ್ದರೆ ಬಯಾಸಿನಲ್ಲಿ ಅದನ್ನು ಆನ್ ಮಾಡಬೇಕು. ಎಎಂಡಿ ಲ್ಯಾಪ್‌ಟಾಪುಗಳಲ್ಲಿ ಇದು 'ಎಸ್‌ವಿಎಂ ಮೋಡ್' ಅನ್ನೋ ಹೆಸರಲ್ಲಿ ಅಡಗಿರುತ್ತದೆ. ಬಯಾಸಿಗೆ ಹೋಗುವ ಮೊದಲು ಆ 48 ಅಂಕಿಯ ಕೀ ಹುಡುಕಿ ಬೇರೆ ಕಡೆ ಬರೆದಿಟ್ಟುಕೊಳ್ಳಿ. ಲ್ಯಾಪ್‌ಟಾಪಿನಲ್ಲೇ ನೋಟ್‌ಪ್ಯಾಡ್ ಫೈಲ್ ಮಾಡಿ ಇಟ್ಟರೆ ಉಪಯೋಗ ಇಲ್ಲ ಅಂತ ಬಿಡಿಸಿ ಹೇಳಬೇಕಿಲ್ಲ ತಾನೇ?

ರ‍್ಯಾಮ್ ವಿಷಯದಲ್ಲಿ ಹಾಸಿಗೆ ಇದ್ದಷ್ಟೇ ಕಾಲು ಚಾಚಬೇಕು. 8 ಜಿಬಿ ಇದ್ದರೆ ನೆಂಟನಿಗೆ 3, ಜಾಸ್ತಿ ಅಂದ್ರೆ 4. ಅದಕ್ಕಿಂತ ಹೆಚ್ಚು ಕೊಟ್ಟರೆ ವಿಂಡೋಸ್ ಉಸಿರುಗಟ್ಟಿ ಡಿಸ್ಕಿಗೆ ಬರೆಯೋಕೆ ಶುರು ಮಾಡುತ್ತದೆ, ಆಗ ಎರಡೂ ನಿಲ್ಲುತ್ತವೆ. ಉಬುಂಟು ಭಾರ ಅನಿಸಿದರೆ ಲುಬುಂಟು ಅಥವಾ ಜುಬುಂಟು ಹಾಕಿ. ಎರಡು ಕೋರ್ ಸಾಕು. ಡಿಸ್ಕ್ 'ಡೈನಮಿಕ್' ಇರಲಿ: 25 ಜಿಬಿ ಅಂತ ಹೇಳಿದರೂ ತುಂಬಿದಷ್ಟೇ ಜಾಗ ತಿನ್ನುತ್ತದೆ. ಆದರೆ ಒಳಗೆ ಫೈಲ್ ಅಳಿಸಿದ ಮಾತ್ರಕ್ಕೆ ಹೊರಗಿನ ಫೈಲು ತಾನಾಗೇ ಸಣ್ಣದಾಗುವುದಿಲ್ಲ, ಉಬ್ಬಿದ್ದು ಉಬ್ಬಿದಂತೇ ಇರುತ್ತದೆ.

7ನೇ ಆವೃತ್ತಿಯಿಂದ ವರ್ಚುವಲ್‌ಬಾಕ್ಸ್ ಒಂದು ಅತಿಬುದ್ಧಿವಂತಿಕೆ ಕಲಿತಿದೆ. ಉಬುಂಟು ಐಎಸ್‌ಒ ಫೈಲ್ ತೋರಿಸಿದರೆ ಏನೂ ಕೇಳದೆ ತಾನೇ ಇನ್‌ಸ್ಟಾಲ್ ಮಾಡಿಬಿಡುತ್ತದೆ. ಕೊನೆಗೆ ಸುಡೋ ಅಂತ ಕೊಟ್ಟರೆ ಈ ಯೂಸರಿಗೆ ಅಧಿಕಾರವಿಲ್ಲ ಅಂತ ಬೈಯುತ್ತದೆ. ಈ 'ಅನ್‌ಅಟೆಂಡೆಡ್' ಇನ್‌ಸ್ಟಾಲೇಷನ್ ಬೇಡ ಅಂತ ಟಿಕ್ ಮಾಡಿ ಕೈಯಾರೆ ಹಾಕಿಕೊಂಡರೆ ತಲೆನೋವಿಲ್ಲ. ಆಮೇಲೆ ಗೆಸ್ಟ್ ಅಡಿಷನ್ಸ್ ಹಾಕಿ, ಇಲ್ಲದಿದ್ದರೆ ಪರದೆ ಅಂಚೆ ಚೀಟಿ ಗಾತ್ರದಲ್ಲೇ ಇರುತ್ತದೆ. ಮೌಸ್ ಒಳಗೆ ಸಿಕ್ಕಿಹಾಕಿಕೊಂಡರೆ ಬಲಗಡೆಯ ಕಂಟ್ರೋಲ್ ಕೀ ಒತ್ತಿ.

ಕೆಲವರ ವರ್ಚುವಲ್‌ಬಾಕ್ಸ್ ಕಿಟಕಿಯ ಕೆಳಗೆ ಒಂದು ಹಸಿರು ಆಮೆಯ ಚಿತ್ರ ಬರುತ್ತದೆ. ತಮಾಷೆಗೆ ಇಟ್ಟಿದ್ದಲ್ಲ. ಮೈಕ್ರೋಸಾಫ್ಟಿನ ಹೈಪರ್-ವಿ ಆಗಲೇ ವಿಟಿ-ಎಕ್ಸ್ ಮೇಲೆ ಕೂತುಬಿಟ್ಟಿದೆ, ವರ್ಚುವಲ್‌ಬಾಕ್ಸ್ ಅದರ ಮೂಲಕ ನಿಧಾನವಾಗಿ ನಡೆಯುತ್ತಿದೆ ಅಂತ ಅರ್ಥ. ಡಬ್ಲ್ಯುಎಸ್‌ಎಲ್ 2 ಹಾಕಿದ್ದರೆ ಅಥವಾ ವಿಂಡೋಸ್ ಸೆಕ್ಯುರಿಟಿಯಲ್ಲಿ 'ಮೆಮೊರಿ ಇಂಟೆಗ್ರಿಟಿ' ಆನ್ ಇದ್ದರೆ ಹೀಗಾಗುತ್ತದೆ. ಆಮೆಯನ್ನು ಓಡಿಸೋಕೆ ಅಂತ ಸೆಕ್ಯುರಿಟಿ ಆಫ್ ಮಾಡುವುದು ನನಗೆ ಸರಿ ಕಾಣಲ್ಲ. ಲ್ಯಾಬ್ ಪ್ರೋಗ್ರಾಮಿಗೆ ಆಮೆಯ ವೇಗ ಸಾಕು. ಅಸಲಿಗೆ, ಬರೀ ಶೆಲ್ ಸ್ಕ್ರಿಪ್ಟು, ಫೋರ್ಕು, ಸೆಮಾಫೋರ್ ಇಷ್ಟೇ ಬೇಕು ಅಂದ್ರೆ ಡಬ್ಲ್ಯುಎಸ್‌ಎಲ್ಲೇ ಸಾಕು, ಅದೂ ಒಳಗೆ ಒಂದು ವರ್ಚುವಲ್ ಮಷೀನೇ.

ಹಾಗಾದ್ರೆ ವರ್ಚುವಲ್‌ಬಾಕ್ಸ್ ಯಾಕೆ? ಸ್ನ್ಯಾಪ್‌ಶಾಟ್‌ಗಾಗಿ. ಒಂದು ಬಟನ್ ಒತ್ತಿದರೆ ಆ ಕ್ಷಣದ ಇಡೀ ಯಂತ್ರ ಉಳಿಯುತ್ತದೆ. ಇದಕ್ಕೆ 25 ಜಿಬಿ ಕಾಪಿ ಮಾಡುವುದಿಲ್ಲ, ಹಳೆಯ ಡಿಸ್ಕ್ ಫೈಲಿಗೆ ಬೀಗ ಹಾಕಿ, ಆಮೇಲಿನ ಬದಲಾವಣೆಗಳನ್ನು ಮಾತ್ರ ಇನ್ನೊಂದು ಫೈಲಿಗೆ ಬರೆಯುತ್ತಾ ಹೋಗುತ್ತದೆ. ವಾಪಸ್ ಹೋಗಬೇಕು ಅಂದ್ರೆ ಆ ಎರಡನೇ ಫೈಲನ್ನು ಎಸೆದರಾಯಿತು. ಇದಿದ್ದರೆ ಲ್ಯಾಬಿನಲ್ಲಿ ಮುಟ್ಟೋಕೆ ಬಿಡದ ಕೆಲಸಗಳನ್ನೆಲ್ಲಾ ಮಾಡಬಹುದು. ಫೋರ್ಕ್ ಬಾಂಬ್ ಹಾಕಿ ಲಿನಕ್ಸ್ ಹೇಗೆ ಉಸಿರು ಬಿಡುತ್ತೆ ನೋಡಬಹುದು. ಎರಡೇ ಕೋರ್ ಕೊಟ್ಟಿರುವುದರಿಂದ ವಿಂಡೋಸ್ ಆರಾಮಾಗಿರುತ್ತೆ. ಕರ್ನಲ್ ಮಾಡ್ಯೂಲ್ ಬರೆದು ಪ್ಯಾನಿಕ್ ಮಾಡಿಸಬಹುದು. ರೂಟಿನಿಂದ ಹಿಡಿದು ಎಲ್ಲಾ ಫೈಲ್ ಅಳಿಸುವ ಆ ಕುಖ್ಯಾತ ಕಮಾಂಡನ್ನೂ ಓಡಿಸಬಹುದು.

ಕೊನೆಯದನ್ನು ಮಾಡುವ ಮೊದಲು ಒಂದು ನಿಮಿಷ ನಿಲ್ಲಿ. ಶೇರ್ಡ್ ಫೋಲ್ಡರ್ ಹಾಕಿದ್ದೀರಾ? ಹಾಕಿದ್ದರೆ ಅದು ನೆಂಟನ ಕೋಣೆಯಿಂದ ನಿಮ್ಮ ಮನೆಯೊಳಕ್ಕೆ ತೆರೆದ ಬಾಗಿಲು. ಒಳಗೆ ಅಳಿಸಿದ್ದು ಆ ಫೋಲ್ಡರಿನಲ್ಲಿದ್ದ ವಿಂಡೋಸ್ ಫೈಲುಗಳನ್ನೂ ಅಳಿಸುತ್ತದೆ, ಸ್ನ್ಯಾಪ್‌ಶಾಟ್ ಅವನ್ನು ವಾಪಸ್ ತರುವುದಿಲ್ಲ. ಇಡೀ ಡಾಕ್ಯುಮೆಂಟ್ಸ್ ಫೋಲ್ಡರನ್ನು ಹಂಚಿಕೊಂಡವರನ್ನು ನೋಡಿದ್ದೀನಿ! ಖಾಲಿ ಫೋಲ್ಡರ್ ಒಂದನ್ನು ಅದಕ್ಕಂತಲೇ ಮಾಡಿ, 'ರೀಡ್ ಓನ್ಲಿ' ಹಾಕಿ. ಹಾಗೆಯೇ ವೈರಸ್ ತಂದು ಒಳಗೆ ಓಡಿಸಿ ನೋಡ್ತೀನಿ ಅನ್ನೋ ಧೈರ್ಯವೂ ಬೇಡ. 2015ರಲ್ಲಿ 'ವೆನಮ್' ಅನ್ನೋ ದೋಷ ಸಿಕ್ಕಿತ್ತು: ಗೆಸ್ಟ್ ಒಳಗಿನಿಂದ ಹೋಸ್ಟಿಗೆ ನುಗ್ಗುವ ದಾರಿ, ಅದೂ ಯಾರೂ ಬಳಸದ ವರ್ಚುವಲ್ ಫ್ಲಾಪಿ ಡ್ರೈವಿನ ಕೋಡಿನಲ್ಲಿ. ವರ್ಚುವಲ್‌ಬಾಕ್ಸಿಗೂ ಅದು ತಟ್ಟಿತ್ತು. ಆಗಲೇ ಸರಿ ಮಾಡಿದರು, ಆದರೆ ಅಂಥದ್ದು ಇನ್ನೊಂದು ಇಲ್ಲ ಅಂತ ಯಾರು ಹೇಳ್ತಾರೆ. ಇನ್ನು ಸ್ನ್ಯಾಪ್‌ಶಾಟ್ ಬ್ಯಾಕಪ್ ಅಲ್ಲ. ಅದೂ ಅದೇ ಡಿಸ್ಕಿನಲ್ಲೇ ಕೂತಿರುತ್ತದೆ.

ನೆಟ್‌ವರ್ಕಿಂಗ್ ಬಗ್ಗೆ ಇಷ್ಟು ಹೇಳ್ತೀನಿ. ಇಬ್ಬರು ಫ್ರೆಂಡ್ಸ್ ಅಕ್ಕಪಕ್ಕ ಕೂತು ತಮ್ಮ ಉಬುಂಟು ಐಪಿ ನೋಡಿಕೊಂಡರೆ ಇಬ್ಬರದ್ದೂ 10.0.2.15 ಇರುತ್ತದೆ. ಗಾಬರಿ ಬೇಡ. 'ನ್ಯಾಟ್' ಮೋಡಿನಲ್ಲಿ ವರ್ಚುವಲ್‌ಬಾಕ್ಸ್ ಪ್ರತಿ ಯಂತ್ರಕ್ಕೂ ತನ್ನದೇ ಪುಟ್ಟ ರೂಟರ್ ನಟಿಸುತ್ತದೆ, ಮೊದಲ ನೆಂಟನಿಗೆ ಎಲ್ಲರ ಮನೆಯಲ್ಲೂ ಅದೇ ನಂಬರ್. ಹೊರಗೆ ಹೋಗಬಹುದು, ಹೊರಗಿನಿಂದ ಯಾರೂ ಬರುವಂತಿಲ್ಲ. ಹೋಸ್ಟಿನ 2222 ಪೋರ್ಟನ್ನು ಗೆಸ್ಟಿನ 22ಕ್ಕೆ ಫಾರ್ವರ್ಡ್ ಮಾಡಿದರೆ ವಿಂಡೋಸ್ ಟರ್ಮಿನಲ್ಲಿನಿಂದಲೇ ಎಸ್‌ಎಸ್‌ಎಚ್ ಮಾಡಬಹುದು. ಹಳೇ 4 ಜಿಬಿ ಲ್ಯಾಪ್‌ಟಾಪ್ ಇರುವವರಿಗೆ ನನ್ನ ಸಲಹೆ ಇದೇ: ಡೆಸ್ಕ್‌ಟಾಪ್ ಇಲ್ಲದ ಸರ್ವರ್ ಆವೃತ್ತಿ ಹಾಕಿ, ಕಿಟಕಿ ಮುಚ್ಚಿ ಹಿನ್ನೆಲೆಯಲ್ಲಿ ಓಡಿಸಿ, ಎಸ್‌ಎಸ್‌ಎಚ್‌ನಲ್ಲಿ ಕೆಲಸ ಮಾಡಿ.

ವರ್ಚುವಲ್‌ಬಾಕ್ಸ್ ಜೊತೆ ಸಿಗುವ 'ಎಕ್ಸ್‌ಟೆನ್ಷನ್ ಪ್ಯಾಕ್' ಲೈಸೆನ್ಸ್ ಬೇರೆ. ಸ್ವಂತಕ್ಕೆ ಮತ್ತು ಓದಿಗೆ ಪುಕ್ಕಟೆ, ಕಂಪನಿಯ ಬಳಕೆಗೆ ಅಲ್ಲ. ಇಂಟರ್ನ್‌ಶಿಪ್ಪಿಗೆ ಹೋದ ಕಡೆ ಆಫೀಸ್ ಲ್ಯಾಪ್‌ಟಾಪಿನಲ್ಲಿ ಕೇಳದೆ ಹಾಕಬೇಡಿ. ನಮ್ಮ ಲ್ಯಾಬಿಗೆ ಅದು ಬೇಕಾಗಿಯೂ ಇಲ್ಲ.

ಒಬ್ಬರು ಸರಿಯಾಗಿ ಸೆಟ್ ಮಾಡಿದ ಯಂತ್ರವನ್ನು ಒವಿಎ ಫೈಲಾಗಿ ಎಕ್ಸ್‌ಪೋರ್ಟ್ ಮಾಡಿದರೆ ಇಡೀ ಬ್ಯಾಚಿಗೆ ಹಂಚಬಹುದು, ಹಾಸ್ಟೆಲ್ ವೈಫೈಯಲ್ಲಿ ಅರವತ್ತು ಜನ ಅದೇ ಐಎಸ್‌ಒ ಇಳಿಸಿಕೊಳ್ಳುವ ಕರ್ಮ ತಪ್ಪುತ್ತದೆ. ಪೆನ್‌ಡ್ರೈವಿಗೆ ಹಾಕುವಾಗ 4 ಜಿಬಿ ದಾಟಿದ ಕೂಡಲೇ 'ಫೈಲ್ ತುಂಬಾ ದೊಡ್ಡದು' ಅಂತ ಬಂದರೆ ಪೆನ್‌ಡ್ರೈವ್ ಕೆಟ್ಟಿಲ್ಲ, ಅದು ಫ್ಯಾಟ್32ನಲ್ಲಿದೆ. ಒಳಗಿರುವುದನ್ನು ಬೇರೆ ಕಡೆ ತೆಗೆದಿಟ್ಟು ಎಕ್ಸ್‌ಫ್ಯಾಟ್ ಮಾಡಿಕೊಳ್ಳಿ. ಹಂಚುವ ಮೊದಲು ಒಳಗಿನ ಬ್ರೌಸರಿನಲ್ಲಿ ನಿಮ್ಮ ಜಿಮೇಲ್ ಲಾಗಿನ್ ಇದೆಯಾ ನೋಡಿ. ಅದರಲ್ಲೇ ಕೀಬೋರ್ಡ್ ಸೆಟ್ಟಿಂಗಿಗೆ ಹೋಗಿ 'ಕನ್ನಡ, ಕಗಪ' ವಿನ್ಯಾಸವನ್ನೂ ಸೇರಿಸಿಬಿಟ್ಟರೆ, ಮುಂದಿನ ಸಂಚಿಕೆಗೆ ಬರಹ ಟೈಪ್ ಮಾಡೋಕೆ ಬೇರೇನೂ ಇಳಿಸಬೇಕಿಲ್ಲ.