ದನಿಯ ನರ ಹಿಡಿದ ಬಳಸುದಾರಿ

ದನಿಯು ಹುಟ್ಟುವುದು ಕಂಠದಲ್ಲಾದರೂ ಅದನ್ನಾಳುವ ನರವು ಮಿದುಳಿನಿಂದ ನೆಟ್ಟಗೆ ಅಲ್ಲಿಗೆ ಬಾರದೆ, ಕೊರಳನ್ನು ದಾಟಿ ಕೆಳಗಿಳಿದು, ಎಡಗಡೆ ಎದೆಯೊಳಗೆ ಮಹಾಧಮನಿಯ ಕಮಾನನ್ನೂ ಬಲಗಡೆ ತೋಳಿಗೆ ರಕ್ತವನ್ನೊಯ್ಯುವ ಸಬ್‌ಕ್ಲೇವಿಯನ್ ಧಮನಿಯನ್ನೂ ಬಳಸಿ, ಶ್ವಾಸನಾಳ ಅನ್ನನಾಳಗಳ ನಡುವಣ ಸಂದಿನಲ್ಲಿ ಮರಳಿ ಮೇಲೇರುತ್ತದೆ. ಕ್ರಿ.ಶ. 2ನೆಯ ಶತಮಾನದ ಗ್ರೀಕ್ ವೈದ್ಯ ಗೇಲನನು ಅರಚುತ್ತಿದ್ದ ಹಂದಿಯ ಈ ನರಗಳನ್ನು ದಾರದಿಂದ ಬಿಗಿದು ಅದರ ಕೂಗನ್ನಡಗಿಸಿ ತೋರಿಸಿದ್ದನು.

ಇಷ್ಟು ದೂರದ ಸುತ್ತೇಕೆ? ಭ್ರೂಣದ ಮೊದಲ ವಾರಗಳಲ್ಲಿ ಹೃದಯವು ಕೊರಳ ನೆರೆಯಲ್ಲಿಯೇ ಇದ್ದು, ಅದರಿಂದ ಹೊರಟ ಧಮನೀ ಕಮಾನುಗಳು ಜೋಡಿಜೋಡಿಯಾಗಿ ಇಕ್ಕೆಲಗಳಲ್ಲಿ ಬಾಗಿರುವಾಗ, ನರವು ಆರನೆಯ ಕಮಾನಿನ ಅಡಿಯಿಂದ ಹಾದು ಕಂಠವನ್ನು ಸೇರಿರುತ್ತದೆ. ಮುಂದೆ ಹೃದಯವು ಎದೆಗಿಳಿಯುವಾಗ ಧಮನಿಯು ಕೊಕ್ಕೆಯಂತೆ ನರವನ್ನೂ ಸೆಳೆದುಕೊಂಡೇ ಇಳಿಯುತ್ತದೆ. ಬಲಗಡೆ ಆರನೆಯದರ ತುದಿಭಾಗವು ಅಳಿದುಹೋಗುವುದರಿಂದ ನರವು ಮೇಲಕ್ಕೆ ಜಾರಿ ನಾಲ್ಕನೆಯದಕ್ಕೆ, ಎಂದರೆ ಸಬ್‌ಕ್ಲೇವಿಯನ್ನಿನ ಮೊದಲ ಭಾಗವಾಗತಕ್ಕ ಕಮಾನಿಗೆ, ತಗುಲಿಕೊಳ್ಳುತ್ತದೆ. ಸಸ್ತನಿಗಳಿಗೆಲ್ಲ ಇದೇ ವಿಧಿ. ರಾಣೆಬೆನ್ನೂರಿನ ಕೃಷ್ಣಮೃಗಕ್ಕೆ ಕೊರಳು ನೀಳವಾದುದರಿಂದ ಬಳಸು ಇನ್ನಷ್ಟು ದೀರ್ಘ.

ನೂರರಲ್ಲಿ ಸುಮಾರು ಒಬ್ಬರಿಗೆ ಬಲದ ನಾಲ್ಕನೆಯ ಕಮಾನೂ ಅಳಿಯುತ್ತದೆ. ಆಗ ಬಲತೋಳಿನ ಧಮನಿಯು ಮಹಾಧಮನಿಯ ಕಮಾನಿನ ಕಡೆಯ ಕವಲಾಗಿ ಎಡಕ್ಕೆ ಹುಟ್ಟಿ, ಸಾಮಾನ್ಯವಾಗಿ ಅನ್ನನಾಳದ ಹಿಂದಿನಿಂದ ಬಲಕ್ಕೆ ಬರುತ್ತದೆ. ಬಹುಕಾಲ ಅನ್ನ ನುಂಗಲಾರದೆ ಸೊರಗಿ ಸತ್ತ ಹೆಂಗಸೊಬ್ಬಳ ದೇಹದಲ್ಲಿ ಇಂಗ್ಲೆಂಡಿನ ವೈದ್ಯ ಡೇವಿಡ್ ಬೇಫರ್ಡನು 1761ರಲ್ಲಿ ಕಂಡುದು ಇದನ್ನೇ. ಹೆಚ್ಚಿನವರಿಗಾದರೋ ಯಾವ ಬಾಧೆಯೂ ಇರುವುದಿಲ್ಲ. ಸೆಳೆಯುವ ಧಮನಿಯೇ ಇಲ್ಲವಾದುದರಿಂದ ಬಲದ ನರವು ಎದೆಯತ್ತ ಇಳಿಯದೆ ಕೊರಳಿನಲ್ಲಿಯೇ ಅಡ್ಡಹಾಯ್ದು ಕಂಠ ಸೇರುತ್ತದೆಂಬುದನ್ನು 1823ರಲ್ಲಿ ವೈದ್ಯ ಸ್ಟೆಡ್‌ಮನ್ ವರ್ಣಿಸಿದನು. ಥೈರಾಯ್ಡ್ ಶಸ್ತ್ರಚಿಕಿತ್ಸಕನು ಸಂದಿನಲ್ಲಿ ಹುಡುಕುವ ನರವು ಅಲ್ಲಿರದೆ, ಅವನ ಕತ್ತರಿಗೇ ಎದುರಾಗುವುದು ಇಂಥ ಕೊರಳಿನಲ್ಲಿ. ದಾರಿ ತಪ್ಪಿದುದು ಧಮನಿ, ನರವಲ್ಲ. ಆದುದರಿಂದ ಮೊದಲೇ ಸ್ಕ್ಯಾನಿನಲ್ಲಿ ಧಮನಿಯನ್ನು ನೋಡಿಕೊಳ್ಳುವುದು ಜಾಣತನ.

ಇದನ್ನೆಲ್ಲ ಕಲಿಯಲು ಹಾವೇರಿಯಲ್ಲಿ ಈಗ ಸರ್ಕಾರಿ ಮೆಡಿಕಲ್ ಕಾಲೇಜೇ ಇದೆ. ಆದರೆ ಇಂಥ ಭೇದಗಳನ್ನು ವಿದ್ಯಾರ್ಥಿಯು ಕೈಯಾರೆ ಬಿಡಿಸಿ ನೋಡಬೇಕಾದರೆ ದೇಹದಾನ ಮಾಡುವವರು ಬೇಕು.

ಎಡದ ನರವು ಎದೆಯೊಳಗೆ ಇಳಿಯುವುದರಿಂದ ಊದಿದ ಮಹಾಧಮನಿಯೋ ಶ್ವಾಸಕೋಶದ ಗಡ್ಡೆಯೋ ಅದನ್ನು ಒತ್ತಿದರೂ ದನಿ ಕೂರುತ್ತದೆ. ಬ್ಯಾಡಗಿಯ ಮೆಣಸಿನಕಾಯಿ ಪೇಟೆಯಲ್ಲಿ ದುಡಿಯುವವರು ದನಿ ಕೂತಾಗ ಘಾಟನ್ನು ದೂರುವುದು ಸಹಜ. ಆದರೆ ಮೂರು ವಾರ ಕಳೆದರೂ ದನಿ ಮರಳದಿದ್ದರೆ, ಕಷಾಯವನ್ನೇ ನಂಬಿ ಕೂರದೆ, ಕಿವಿ ಮೂಗು ಗಂಟಲಿನ ವೈದ್ಯರಿಗೆ ತೋರಿಸಿಕೊಳ್ಳಿರಿ.