ದಿನಾ ಅದೇ ಬೀದಿ, ಅದೇ ಬಿಸಿಲು?

"ನಮ್ಮೂರಲ್ಲಿ ಫೋಟೊ ತೆಗೆಯೋಕೆ ಏನಿದೆ ಸಾರ್? ದಿನಾ ಅದೇ ಬೀದಿ, ಅದೇ ಬಿಸಿಲು, ಅದೇ ಮುಖಗಳು." ಹೊಸದಾಗಿ ಕ್ಯಾಮೆರಾ ಕೊಂಡವರ ಬಾಯಲ್ಲಿ ಈ ಮಾತು ಕೇಳಿ ಕೇಳಿ ಸಾಕಾಗಿದೆ. ಇವರು ಕಬಿನಿಗೋ ಹಂಪಿಗೋ ಹೋಗಲು ರಜೆ ಸಿಗುವ ತನಕ ಬ್ಯಾಗಿನ ಜಿಪ್ಪೇ ತೆಗೆಯುವುದಿಲ್ಲ. ಹೋದಮೇಲೆ ಕಲ್ಲಿನ ರಥದ ಮುಂದೆ ಎಲ್ಲರೂ ನಿಲ್ಲುವ ಜಾಗದಲ್ಲೇ ನಿಂತು, ಎಲ್ಲರೂ ತೆಗೆದದ್ದನ್ನೇ ತೆಗೆದುಕೊಂಡು ಬರುತ್ತಾರೆ. ಮುಖಗಳ ವಿಚಾರ ಬಿಡಿ, ಅದು ಅವರಿಗೂ ಅವರ ನೆರೆಹೊರೆಗೂ ಬಿಟ್ಟದ್ದು. ನನಗೆ ತಲೆ ಕೆಡುವುದು 'ಅದೇ ಬಿಸಿಲು' ಎಂಬ ಮಾತಿಗೆ. ಅದು ಲೆಕ್ಕಕ್ಕೇ ತಪ್ಪು.

ಸೂರ್ಯ ಪೂರ್ವಕ್ಕೆ ಹುಟ್ಟುತ್ತಾನೆ ಎಂದು ಒಂದನೇ ಕ್ಲಾಸಿನಲ್ಲಿ ಕಲಿತದ್ದನ್ನು ಆಮೇಲೆ ಯಾರೂ ಹೊರಗೆ ಬಂದು ತಾಳೆ ನೋಡಿದಂತಿಲ್ಲ. ಅವನು ಸರಿಯಾಗಿ ಪೂರ್ವಕ್ಕೆ ಹುಟ್ಟುವುದು ವರ್ಷಕ್ಕೆ ಎರಡು ಸಲ, ಮಾರ್ಚ್ ಮತ್ತು ಸೆಪ್ಟೆಂಬರಿನ 20-23ರ ಆಸುಪಾಸು. ಬೆಂಗಳೂರಿನಲ್ಲಿ ಜೂನ್ ಕೊನೆಯ ಹೊತ್ತಿಗೆ ಪೂರ್ವದಿಂದ ಸುಮಾರು 24 ಡಿಗ್ರಿ ಉತ್ತರಕ್ಕೆ ಸರಿದಿರುತ್ತಾನೆ, ಡಿಸೆಂಬರ್ ಕೊನೆಗೆ ಅಷ್ಟೇ ದಕ್ಷಿಣಕ್ಕೆ. ಒಟ್ಟು 48 ಡಿಗ್ರಿ ಓಡಾಟ. ಚಳಿಗಾಲದಲ್ಲಿ ನಡುಮಧ್ಯಾಹ್ನವೂ ದಕ್ಷಿಣದ ಕಡೆ ಓರೆಯಾಗಿಯೇ ನಿಂತು, ದಕ್ಷಿಣಮುಖದ ಜಗಲಿಯ ಒಳಗಿನವರೆಗೆ ಬಿಸಿಲು ಚೆಲ್ಲುತ್ತಾನೆ. ಏಪ್ರಿಲ್ 24-25ರ ಹೊತ್ತಿಗೆ ಅದೇ ಬೆಂಗಳೂರಲ್ಲಿ ಮಧ್ಯಾಹ್ನ ನೇರ ನೆತ್ತಿಗೆ ಬರುತ್ತಾನೆ; ನೆಟ್ಟ ಕೋಲಿಗೆ ನೆರಳೇ ಇರುವುದಿಲ್ಲ. ಹುಬ್ಬಳ್ಳಿಯಲ್ಲಿ ಇದಾಗುವುದು ಮೇ ಮೊದಲ ವಾರ, ಕಲಬುರಗಿಯಲ್ಲಿ ಎರಡನೇ ವಾರ.

ಅಲ್ಲಿಂದ ಆಗಸ್ಟ್ 18ರ ತನಕ ಬೆಂಗಳೂರಿನ ಮಧ್ಯಾಹ್ನದ ಸೂರ್ಯ ಉತ್ತರದ ಕಡೆಯವನು. ಉಳಿದ ತಿಂಗಳೆಲ್ಲ ನಡುಹಗಲಲ್ಲಿ ನೆರಳಾಗಿದ್ದ ಉತ್ತರದ ಗೋಡೆಗೆ ಆಗ ಬಿಸಿಲು ಸವರಿಕೊಂಡು ಇಳಿಯುತ್ತದೆ. ಗಾರೆ ಕಿತ್ತ ಜಾಗ, ಹಳೇ ಸಿನಿಮಾ ಪೋಸ್ಟರಿನ ಅಂಚು, ಸುಣ್ಣದ ಪದರ ಎಲ್ಲವೂ ಎದ್ದು ಕಾಣುತ್ತವೆ. ಆ ಗೋಡೆಗೆ ಒರಗಿ ಹೂ ಕಟ್ಟುವ ಅಜ್ಜಿ ಬುಟ್ಟಿ ಎತ್ತಿಕೊಂಡು ಎದುರು ಸಾಲಿಗೆ ಹೋಗುವುದೂ ಆಗಲೇ. ಅಜ್ಜಿಗೆ ಗೊತ್ತಿರುವುದು ಒಂದೂವರೆ ಲಕ್ಷದ ಕ್ಯಾಮೆರಾ ಹಿಡಿದವನಿಗೆ ಗೊತ್ತಿಲ್ಲ.

ಬೆಂಗಳೂರಿನ ಗವಿಗಂಗಾಧರೇಶ್ವರನ ಗುಡಿಯ ಕತೆ ಕೇಳಿ. ಸಂಕ್ರಾಂತಿಯ ಸಂಜೆ ಸೂರ್ಯನ ಕಿರಣ ನಂದಿಯ ಕೊಂಬುಗಳ ನಡುವೆ ಹಾದು ಲಿಂಗದ ಮೇಲೆ ಬೀಳುವುದನ್ನು ನೋಡಲು ಗವಿಪುರದಲ್ಲಿ ಕಾಲಿಡಲು ಜಾಗವಿರುವುದಿಲ್ಲ, ಟಿವಿ ಕ್ಯಾಮೆರಾಗಳ ಸಾಲು ಬೇರೆ. ಆ ದಿನ ಮಾತ್ರ ನಡೆಯುವ ಪವಾಡವೆಂದೇ ಎಲ್ಲರ ನಂಬಿಕೆ. ಸೂರ್ಯ ದಕ್ಷಿಣಕ್ಕೆ ಹೋಗುವಾಗ ತುಳಿದ ದಾರಿಯನ್ನೇ ವಾಪಸು ಬರುವಾಗಲೂ ತುಳಿಯುತ್ತಾನಲ್ಲ, ಹಾಗಾಗಿ ಅದೇ ಬೆಳಕು ನವೆಂಬರ್ ಕೊನೆಯಲ್ಲೂ ಬೀಳುತ್ತದೆ. ಆಗ ಯಾರೂ ನೂಕಾಡುವುದಿಲ್ಲ. (ಅಂದಹಾಗೆ, ಸೂರ್ಯ ಉತ್ತರಕ್ಕೆ ತಿರುಗುವುದು ಡಿಸೆಂಬರ್ 21-22ಕ್ಕೇ, ಸಂಕ್ರಾಂತಿಯ ತನಕ ಅವನು ಕಾಯುತ್ತಾ ಕೂರುವುದಿಲ್ಲ.) ಕಟ್ಟಿದವರು ಬೆಳಕನ್ನು ಗಮನಿಸಿ ಕಟ್ಟಿದರು. ನಿಮ್ಮ ಓಣಿಯ ಕೊನೆಯ ಮನೆಯ ಗೇಟಿಗೂ ಅಂಥ ಸಂಜೆಗಳಿವೆ, ನೋಡುವವರಿಲ್ಲ ಅಷ್ಟೇ.

ಇನ್ನು ಋತು. ಬೇಸಿಗೆ, ಮಳೆ, ಚಳಿ ಎಂದು ಮೂರಕ್ಕೆ ನಿಲ್ಲಿಸುವವರು ಒಮ್ಮೆ ಹಳ್ಳಿಯ ಹಿರಿಯರ ಹತ್ತಿರ ಕೂರಬೇಕು. ಮೃಗಶಿರ, ಆರಿದ್ರಾ, ಪುನರ್ವಸು, ಪುಷ್ಯ ಎಂದು ಒಂದೊಂದು ಮಳೆಗೂ ಹೆಸರು. ಒಂದೊಂದಕ್ಕೂ ಹದಿಮೂರು-ಹದಿನಾಲ್ಕು ದಿನ, ಒಂದೊಂದಕ್ಕೂ ಬೇರೆ ಕೆಲಸ. ಸಸಿಮಡಿ, ನಾಟಿ, ಅಡಿಕೆ ತೋಟಕ್ಕೆ ಔಷಧಿ ಹೊಡೆಯುವುದು, ಆಮೇಲೆ ಕೊಯ್ಲು, ಅಂಗಳದ ತುಂಬ ಅಡಿಕೆ. ಮಲೆನಾಡಿನಲ್ಲಿ ಹೂಮಳೆ ಬಿದ್ದು ಎಂಟು-ಹತ್ತು ದಿನಕ್ಕೆ ಕಾಫಿ ತೋಟ ಬೆಳ್ಳಗಾಗುತ್ತದೆ, ಮೂರ್ನಾಲ್ಕು ದಿನದಲ್ಲಿ ಕಂದುತ್ತದೆ. ಉತ್ತರದಲ್ಲಿ ಎಳ್ಳಮಾವಾಸ್ಯೆಯ ಚರಗ, ಎಳೆಜೋಳದ ಸೀತನಿ. ಬೆಂಗಳೂರಿಗರಿಗೆ ಅವರೆಕಾಯಿ ರಾಶಿ, ಕಡಲೆಕಾಯಿ ಪರಿಷೆ, ಯುಗಾದಿಗೆ ರಸ್ತೆ ತುಂಬ ಹೊಂಗೆ ಹೂ. ಇವಾವುದಕ್ಕೂ ಸಫಾರಿ ಜೀಪು ಬೇಡ.

ಹತ್ತಿರದ್ದನ್ನೇ ತೆಗೆದವರ ಉದಾಹರಣೆ ಬೇಕೆ? ಪ್ರಾಗ್‌ನ ಛಾಯಾಗ್ರಾಹಕ ಜೋಸೆಫ್ ಸುದೆಕ್ ಎಂಬಾತ ಮೊದಲ ಮಹಾಯುದ್ಧದಲ್ಲಿ ಒಂದು ಕೈ ಕಳೆದುಕೊಂಡವನು. ಎರಡನೆಯದರಲ್ಲಿ ಊರು ಜರ್ಮನರ ವಶದಲ್ಲಿದ್ದಾಗ ಮನೆಯೊಳಗೆ ಉಳಿದು, 1940ರಿಂದ 1954ರ ತನಕ ತನ್ನ ಸ್ಟುಡಿಯೊದ ಕಿಟಕಿಯನ್ನೇ ತೆಗೆದ: ಗಾಜಿನ ಮೇಲಿನ ಹಬೆ, ಮಂಜು, ಆಚೆ ಒಂದು ಸೊಟ್ಟ ಮರ. ನಮ್ಮ ಮೈಸೂರಿನ ಟಿ.ಎಸ್. ಸತ್ಯನ್ ಪದ್ಮಶ್ರೀ ಪಡೆದ ದೊಡ್ಡ ಪತ್ರಿಕಾ ಛಾಯಾಗ್ರಾಹಕ. ಜನ ಅವರನ್ನು ನೆನೆಯುವುದು ಮಕ್ಕಳ, ಸಾಮಾನ್ಯರ ಚಿತ್ರಗಳಿಗೆ.

ಮಿಕ್ಕ ನಂಬಿಕೆಗಳನ್ನು ಬೇಗ ಮುಗಿಸುತ್ತೇನೆ. ಮಳೆಗಾಲದಲ್ಲಿ ಬೆಳಕಿರಲ್ಲ ಅನ್ನುತ್ತಾರೆ. ದಟ್ಟ ಮೋಡ ಬೆಳಕನ್ನು ಎಂಟನೇ ಒಂದು ಭಾಗಕ್ಕೆ ಇಳಿಸಿದರೂ ಐಎಸ್‌ಒ 100ರಿಂದ 800ಕ್ಕೆ ಏರಿಸಿದರೆ ಮುಗಿಯಿತು, ಕಣ್ಣ ಕೆಳಗಿನ ಕಪ್ಪು ನೆರಳಿನ ಕಾಟವೂ ಇಲ್ಲ. ಮಳೆಗೆ ಹೆದರಿ ಕ್ಯಾಮೆರಾವನ್ನು ಬೀರುವಿನಲ್ಲಿ ಬೀಗ ಹಾಕಿಡುವವರ ಲೆನ್ಸಿಗೇ ಫಂಗಸ್ ಬರುವುದು. ಕತ್ತಲೆ, ತೇವ, ಗಾಳಿಯಿಲ್ಲದ ಜಾಗ ಅದಕ್ಕೆ ಬಲು ಇಷ್ಟ. ಅಕ್ಕಿ ಡಬ್ಬಿಯಲ್ಲಿ ಹುಗಿದರೆ ಒಣಗುವುದಿಲ್ಲ, ಹಿಟ್ಟು ಮೆತ್ತಿಕೊಳ್ಳುತ್ತದೆ, ಸಿಲಿಕಾ ಜೆಲ್ ತನ್ನಿ. ಮೆಗಾಪಿಕ್ಸೆಲ್ ಚಿಂತೆ ಬಿಡಿ, 12×18 ಇಂಚಿನ ಪ್ರಿಂಟಿಗೆ 20 ಧಾರಾಳ. ಗೋಲ್ಡನ್ ಅವರ್ ಎಂದು ವಿದೇಶಿ ವಿಡಿಯೊ ನೋಡಿ ಗಡಿಯಾರ ಇಟ್ಟುಕೊಳ್ಳಬೇಡಿ. ನಮ್ಮಲ್ಲಿ ಸೂರ್ಯ ಹೆಚ್ಚುಕಮ್ಮಿ ನೆಟ್ಟಗೆ ಏರುವುದರಿಂದ ಆ ಬಣ್ಣ ಅರ್ಧ ಗಂಟೆ ನಿಂತರೆ ಹೆಚ್ಚು.

ಹೇಳಿದರೆ ಯಾರು ಕೇಳುತ್ತಾರೆ? ಯಾರದೋ ಪ್ರೀಸೆಟ್ಟಿಗೆ ದುಡ್ಡು ಕೊಡುತ್ತಾರೆ, ಮೂರು ದಿನದ ವರ್ಕ್‌ಶಾಪಿಗೆ ತಿಂಗಳ ಸಂಬಳ ಸುರಿಯುತ್ತಾರೆ. ಹೇಳಿದವರ ಮಾತಿನ ಮೇಲಿರುವ ನಂಬಿಕೆ ಸ್ವಂತ ಕಣ್ಣಿನ ಮೇಲಿಲ್ಲ. ಬಾಗಿಲು ಎರಡು ಡಿಗ್ರಿ ವಾಲಿದೆ ಎಂದು ವಾಸ್ತುವಿನವನು ಹೇಳಿದ್ದಕ್ಕೆ ಗೋಡೆ ಒಡೆಸಿದ ಗೃಹಸ್ಥರೊಬ್ಬರು ನನಗೆ ಗೊತ್ತು, ಹವ್ಯಾಸಿ ಛಾಯಾಗ್ರಾಹಕರೂ ಹೌದು. 48 ಡಿಗ್ರಿ ಓಡಾಡುವ ಸೂರ್ಯನ ಬಗ್ಗೆ ಅವರಿಗೆ ಯಾವ ತಕರಾರೂ ಇಲ್ಲ. ನಿಮ್ಮ ಅಡುಗೆಮನೆ ಕಿಟಕಿಗೆ ಬಿಸಿಲು ಯಾವಾಗ ಬರುತ್ತೆ ಅಂತ ಕೇಳಿದೆ. ಪೂರ್ವಕ್ಕೋ ದಕ್ಷಿಣಕ್ಕೋ ಎಂದು ಲೆಕ್ಕ ಹಾಕುತ್ತಾ ಕೂತರು. ಕಾಫಿ ತಂದ ಅವರ ಹೆಂಡತಿ ಲೋಟ ಇಡುತ್ತಲೇ ಅಂದರು: "ದೀಪಾವಳಿ ಆದ್ಮೇಲೆ ಒಲೆ ತನಕ ಬರತ್ತೆ, ಶಿವರಾತ್ರಿ ಕಳೀತಿದ್ದ ಹಾಗೆ ಹೋಗತ್ತೆ. ಯಾಕೆ, ಏನಾಗಬೇಕಿತ್ತು?"